ಸೆಮಿಫೈನಲ್ ದಿನದ ಜ್ವರ

ಮಗಾ,

ಹೇಗಿದ್ದೀಯ? ಮಂಡಿ ಹೇಗಿದೆ? ಮಳೆ ಬರುತ್ತದೆ ಅಂತ ಈಗಲೂ ಅದೇ ಮೊದಲು ಹೇಳುತ್ತದಾ?

ನಾನೀಗ ಐರ್ಲೆಂಡಿನ ಡಬ್ಲಿನ್‌ನ ಫಿಬ್ಸ್‌ಬರೋದಲ್ಲಿ ಮನೆ ಮಾಡಿದ್ದೇನೆ. ನಡೆದು ಹೋಗುವಷ್ಟು ದೂರದಲ್ಲೇ ಡಾಲಿಮೌಂಟ್ ಪಾರ್ಕ್. ಬೊಹೀಮಿಯನ್ಸ್ ಅನ್ನೋ ಫುಟ್‌ಬಾಲ್ ಕ್ಲಬ್ ಆಡುವ ಮೈದಾನ. ಕೆಂಪು-ಕಪ್ಪು ಜರ್ಸಿ. ಹೌದು, ಅದೇ ಬಣ್ಣ. ನಗಬೇಡ.

1890ರಲ್ಲಿ ಫೀನಿಕ್ಸ್ ಪಾರ್ಕಿನ ಗೇಟಿನ ಕಾವಲು ಮನೆಯಲ್ಲಿ ಒಂದಷ್ಟು ಹುಡುಗರು ಸೇರಿ ಈ ಕ್ಲಬ್ ಕಟ್ಟಿದರಂತೆ. ನಾವು ಟೀಮ್ ಕಟ್ಟಿದಾಗ ನಮಗಿದ್ದ ವಯಸ್ಸೇ ಅವರಿಗೂ. ಮೊದಲು ಆ ಪಾರ್ಕಿನಲ್ಲೇ ಆಟ. 1901ರಲ್ಲಿ ತರಕಾರಿ ಬೆಳೆಯುತ್ತಿದ್ದ ಈ ಜಾಗಕ್ಕೆ ಬಂದರು. ಇವತ್ತಿಗೂ ಕ್ಲಬ್ಬಿಗೆ ಒಬ್ಬ ಮಾಲೀಕ ಅಂತ ಇಲ್ಲ. ಕ್ಲಬ್ಬು ಸದಸ್ಯರದೇ.

ನನ್ನ ತಲೆಯಲ್ಲಿ ಕೂತಿರುವುದು ಬೇರೆ. 1969ರವರೆಗೆ ಇವರು ಯಾವ ಆಟಗಾರನಿಗೂ ಸಂಬಳ ಕೊಡಲಿಲ್ಲ. 79 ವರ್ಷ! ಹಾಗೇ ಆಡಿ ಐದು ಸಲ ಐರ್ಲೆಂಡಿನ ಲೀಗ್ ಗೆದ್ದರು. 1927-28ರಲ್ಲಂತೂ ಲೀಗು, ಎಫ್‌ಎಐ ಕಪ್ಪು (ಇಲ್ಲಿನ ದೊಡ್ಡ ನಾಕೌಟ್ ಟೂರ್ನಿ), ಶೀಲ್ಡು, ಲೆನ್‌ಸ್ಟರ್ ಸೀನಿಯರ್ ಕಪ್ಪು, ನಾಲ್ಕೂ ಇವರದೇ. 1936ರ ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಲೀಗ್ ಕೈಗೆ ಸಿಗಲೇ ಇಲ್ಲ. ದುಡ್ಡು ಕೊಡುವ ಕ್ಲಬ್ಬುಗಳ ಮುಂದೆ ಸೋತು ಸೋತು, ತಳದಲ್ಲಿ ಉಳಿದ ವರ್ಷಗಳೂ ಇದ್ದವು. ಕೊನೆಗೆ 1969ರಲ್ಲಿ ಆ ನಿಯಮ ಬಿಟ್ಟರು. ಮರುವರ್ಷವೇ ಸ್ಲೈಗೋ ರೋವರ್ಸ್ ಕ್ಲಬ್ ಜೊತೆಗಿನ ಫೈನಲ್ ಎರಡು ಸಲ ಡ್ರಾ ಆಗಿ, ಮೂರನೇ ಆಟದಲ್ಲಿ ಎಫ್‌ಎಐ ಕಪ್ ಗೆದ್ದರು. 1935ರ ನಂತರ ಅದೇ ಮೊದಲು.

ದುಡ್ಡು ಕೊಟ್ಟಿದ್ದು ತಪ್ಪು ಅನ್ನುತ್ತಿಲ್ಲ. ಆಟಗಾರನಿಗೂ ಮನೆ ಬಾಡಿಗೆ ಇರುತ್ತದೆ. ಆದರೆ ಆ ಸೋಲಿನ ವರ್ಷಗಳಲ್ಲಿ, ಬೇರೆ ಕಡೆ ಹೋದರೆ ಕಾಸು ಸಿಗುತ್ತದೆ ಅಂತ ಗೊತ್ತಿದ್ದೂ ಪ್ರತಿ ವಾರ ಬಂದು ಬೂಟು ಕಟ್ಟಿಕೊಂಡವರು ಇದ್ದರಲ್ಲ? ನಿದ್ದೆ ಕೆಡಿಸಿರುವುದು ಅವರು.

ಮಗಾ, ಆಸ್ಟಿನ್ ಟೌನ್‌ನಲ್ಲಿ ನಮ್ಮ ಸೆಮಿಫೈನಲ್ ಇದ್ದ ದಿನ ನನಗೆ ಜ್ವರ ಇರಲಿಲ್ಲ. ಬೇರೆ ಏರಿಯಾದ ಟೀಮಿನವರು 500 ರೂಪಾಯಿ ಕೊಡುತ್ತೇವೆ ಅಂದಿದ್ದರು. ಹೋಗಿ ಆಡಿದೆ. ನೀವು ಹತ್ತೇ ಜನ ಆಡಿ ಸೋತಿರಿ. ಸಂಜೆ ನೀನು ಮೂಸಂಬಿ ತಗೊಂಡು ನೋಡಲು ಬಂದೆ. ನಾನು ಕಾಲಿನ ಮಣ್ಣನ್ನೂ ತೊಳೆಯದೆ ಹೊದ್ದು ಮಲಗಿದ್ದೆ. ಅಮ್ಮ ನಿನಗೆ ಕಾಫಿ ಕೊಟ್ಟರು, ಏನೂ ಹೇಳಲಿಲ್ಲ. ಆ ನೋಟನ್ನು ಖರ್ಚು ಮಾಡಲು ಕೈ ಬರದೆ ಎಷ್ಟೋ ತಿಂಗಳು ಜಾಮಿಟ್ರಿ ಬಾಕ್ಸಿನಲ್ಲೇ ಇಟ್ಟಿದ್ದೆ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಅದೂ ಎಲ್ಲರೆದುರು. ಇರಲಿ, ಅಳಿಸುವುದಿಲ್ಲ. ಉಳಿದ ಒಂಬತ್ತು ಜನರೂ ಓದಲಿ.

ಡಿಸೆಂಬರ್‌ನಲ್ಲಿ ಬರುತ್ತೇನೆ. ನಿನಗೊಂದು ಕೆಂಪು-ಕಪ್ಪು ಸ್ಕಾರ್ಫ್ ತರುತ್ತೇನೆ. ಬೆಂಗಳೂರಿನಲ್ಲಿ ಅದ್ಯಾಕೆ ಅನ್ನಬೇಡ. ಮಂಡಿಗೆ ಸುತ್ತಿಕೋ.

ನಿನ್ನ,
ಲೆಫ್ಟ್ ಬ್ಯಾಕ್