ಬಿದ್ದ ಬೆಟ್ಟದ ಕೆಳಗಿನ ಊರು

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಹೇಳೋಣ ಅಂದರೆ ಮೀಟಿಂಗ್ ಇದೆ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಫ್ರಾನ್ಸಿನ ಟುಲೂಸಿನಲ್ಲಿ ನಿನ್ನ ಜೊತೆ ಇದ್ದಾಗ ಒಂದು ದಿನ ನಿನ್ನ ಗೆಳತಿ ನನ್ನನ್ನೂ ನಿಮ್ಮಪ್ಪನನ್ನೂ ಕಾರಿನಲ್ಲಿ ಚೀಸಿಗೆ ಹೆಸರಾದ ರೋಕ್‌ಫೋರಿಗೆ ಕರೆದುಕೊಂಡು ಹೋದಳಲ್ಲ, ಆ ರಾತ್ರಿ ನೀನು ಕೇಳಿದ್ದು ಒಂದೇ: "ಅಮ್ಮ, ಆ ವಾಸನೆ ಹೇಗೆ ತಡ್ಕೊಂಡೆ?" ವಾಸನೆ ಹಾಗಿರಲಿ. ಊರಿನ ಬಗ್ಗೆ ಕೇಳಲೇ ಇಲ್ಲ ನೀನು.

ಸುಲ್ಜೋಂ ಅನ್ನೋ ಹೊಳೆಯ ಮೇಲ್ಗಡೆ, ಕೊಂಬಾಲು ಬೆಟ್ಟಕ್ಕೆ ಬೆನ್ನು ಕೊಟ್ಟು ಕೂತಿದೆ ಊರು. ಅವೆರೋಂ ಜಿಲ್ಲೆ. ಜನ ಐದಾರು ನೂರು, ಅಷ್ಟೇ. ಒಂದು ಉದ್ದದ ಬೀದಿ, ಮೇಲೆ ಬೆಳ್ಳನೆ ಸುಣ್ಣಕಲ್ಲಿನ ಗೋಡೆಯಂಥ ಬೆಟ್ಟ. ರೋಕ್‌ಫೋರ್ ಅಂದರೆ ಅಲ್ಲಿನ ಹಳೇ ಭಾಷೆಯಲ್ಲಿ ಗಟ್ಟಿ ಬಂಡೆ ಅಂತ. ತಮಾಷೆ ಏನು ಗೊತ್ತಾ? ಆ ಗಟ್ಟಿ ಬಂಡೆ ಯಾವುದೋ ಕಾಲದಲ್ಲಿ ಕುಸಿದು ಬಿದ್ದಿದೆ. ಅಡಿಯಲ್ಲಿದ್ದ ಜೇಡಿಮಣ್ಣಿನ ಮೇಲೆ ಬೆಟ್ಟದ ಅಂಚೇ ಜಾರಿ ಒಡೆದು ಗುಡ್ಡೆ ಬಿದ್ದಿದೆ. ಆ ಗುಡ್ಡೆಯ ಮೇಲೇ ಊರು.

ಇದನ್ನು ಕೇಳಿದ ಕೂಡಲೇ ನಾನು ನಿಮ್ಮಪ್ಪನ ಕೈ ಹಿಡಿದುಕೊಂಡೆ. 2018ರ ಆಗಸ್ಟಿನಲ್ಲಿ ಮಡಿಕೇರಿ ಕಡೆ ಗುಡ್ಡ ಜರಿದಾಗ ನಿನ್ನ ಸೋದರಮಾವನ ತೋಟ ಅರ್ಧ ಹೋಯ್ತಲ್ಲ. ಗುಡ್ಡ ಬಿತ್ತು ಅಂದರೆ ನನಗೆ ನೆನಪಾಗುವುದು ಆ ಕೆಂಪು ಕೆಸರು ಮಾತ್ರ. ಈ ಊರಿನವರು ಬಿದ್ದ ಬೆಟ್ಟದಿಂದಲೇ ಅನ್ನ ತಿನ್ನುತ್ತಿದ್ದಾರೆ.

ಬೀದಿಯಿಂದ ನೋಡಿದರೆ ಸಾಧಾರಣ ಕಟ್ಟಡಗಳು. ಬಾಗಿಲು ದಾಟಿದರೆ ಬೆಟ್ಟದ ಹೊಟ್ಟೆ. ಕೆಳಗೆ, ಇನ್ನೂ ಕೆಳಗೆ, ಮೆಟ್ಟಿಲು ಇಳೀತಾ ಹೋಗಬೇಕು. ನನ್ನ ಮಂಡಿ ನೋವು ನಿನಗೆ ಗೊತ್ತಲ್ಲ, ಆದರೂ ಇಳಿದೆ. ಒಂದು ಕಡೆ ಕಲ್ಲಿನಲ್ಲಿ ಸಂದು ಇತ್ತು. ಅದಕ್ಕೆ ಅವರು ಫ್ಲ್ಯೂರಿನ್ ಅಂತಾರೆ. ಅದರ ಎದುರು ನಿಂತೆ ನೋಡು, ಸೆರಗು ಅಲುಗಿತು! ನೆಲದ ಅಷ್ಟು ಕೆಳಗೆ, ಕಿಟಕಿ ಇಲ್ಲ, ಫ್ಯಾನ್ ಇಲ್ಲ. ಒಡೆದ ಬೆಟ್ಟದ ಬಿರುಕುಗಳಲ್ಲಿ ಹಾದು ಬರೋ ತೇವದ ತಣ್ಣನೆ ಗಾಳಿ. ವರ್ಷವಿಡೀ ಸುಮಾರು ಹತ್ತು ಡಿಗ್ರಿ ಇರುತ್ತದಂತೆ.

ಆ ಗಾಳಿಯಲ್ಲಿ ಓಕ್ ಹಲಗೆಗಳ ಮೇಲೆ ಸಾಲಾಗಿ ಚೀಸು. ಲಕೋನ್ ಅನ್ನೋ ತಳಿಯ ಕುರಿಯ ಹಾಲು, ಕಾಯಿಸೋ ಹಾಗಿಲ್ಲ. ಗಾಲಿಯಾಕಾರದ ಒಂದೊಂದು ಚೀಸೂ ಎರಡೂವರೆ, ಮೂರು ಕೆ.ಜಿ. ಮಾಡುವುದು ಸುತ್ತಲಿನ ಡೈರಿಗಳಲ್ಲಿ, ಮಾಗುವುದು ಮಾತ್ರ ಇಲ್ಲೇ ಆಗಬೇಕು. ಗಾಳಿ ಒಳಗೆ ಹೋಗಲಿ ಅಂತ ಸೂಜಿಯಲ್ಲಿ ಚುಚ್ಚುತ್ತಾರೆ. ಆ ತೂತಿನ ಗುಂಟ ಹಸಿರು-ನೀಲಿ ಬೂಷ್ಟು ಹಬ್ಬುತ್ತದೆ. ಹಿಂದೆ ಈ ಬೂಷ್ಟಿಗೋಸ್ಕರವೇ ರೈ ಅನ್ನೋ ಧಾನ್ಯದ ಹಿಟ್ಟಿನ ದೊಡ್ಡ ಬ್ರೆಡ್ಡು ಸುಟ್ಟು ಗವಿಯಲ್ಲಿ ಇಡುತ್ತಿದ್ದರಂತೆ. ಉಪ್ಪಿನಕಾಯಿ ಜಾಡಿಯಲ್ಲಿ ಒಂದು ಚುಕ್ಕೆ ಕಂಡರೆ ನಿಮ್ಮಜ್ಜಿ ಇಡೀ ಜಾಡಿ ಸುರಿದುಬಿಡುತ್ತಿದ್ದರು. ಇಲ್ಲಿ ಬೂಷ್ಟನ್ನು ಸಾಕುತ್ತಾರೆ!

ಹಳೇ ಫೋಟೋ ಒಂದರ ಮುಂದೆ ನಾನು ಜಾಸ್ತಿ ಹೊತ್ತು ನಿಂತೆ. ದಪ್ಪ ಬಟ್ಟೆಯ ಹೆಂಗಸರು. ಕಬಾನ್ಯೇರ್ ಅಂತ ಕರೆಯುತ್ತಿದ್ದರು ಅವರನ್ನು. ಉಪ್ಪು ಸವರುವುದು, ಕೆರೆಯುವುದು, ತಿರುಗಿಸಿ ಇಡುವುದು, ಎಲ್ಲ ಅವರ ಕೈಯಲ್ಲೇ. ಆ ತಂಡಿಯಲ್ಲಿ, ದಿನವಿಡೀ. ನಾನು ಅರ್ಧ ಗಂಟೆಗೇ ಸ್ವೆಟರ್ ಕೇಳಿದೆ. ಗೈಡು ರಾಜರ ಕಥೆ ಹೇಳಿದಷ್ಟು ಇವರ ಕಥೆ ಹೇಳಲಿಲ್ಲ, ಅದೇ ಬೇಜಾರು.

ರಾಜರ ಕಥೆಯೂ ಇದೆ. 1411ರಲ್ಲಿ ಆರನೇ ಚಾರ್ಲ್ಸ್, ಈ ಚೀಸು ಮಾಗಿಸುವ ಹಕ್ಕು ಈ ಊರಿನವರಿಗೆ ಮಾತ್ರ ಅಂತ ಬರೆದುಕೊಟ್ಟ. 1666ರಲ್ಲಿ ನೀನಿರುವ ಟುಲೂಸಿನ ನ್ಯಾಯಾಲಯವೇ ಹೆಸರು ಕದಿಯುವವರ ವಿರುದ್ಧ ತೀರ್ಪು ಕೊಟ್ಟಿತು. 1925ರಲ್ಲಿ ಕಾನೂನೇ ಬಂತು. ನಮ್ಮ ಕೊಡಗಿನ ಕಿತ್ತಳೆಗೆ ಜಿಐ, ಅಂದರೆ ಈ ಹೆಸರು ಈ ಜಾಗದ್ದು ಮಾತ್ರ ಅನ್ನೋ ಸರ್ಕಾರಿ ಗುರುತು, ಸಿಕ್ಕಿದೆಯಲ್ಲ, ಆ ಥರ.

ಪಕ್ಕದ ಲಾರ್ಜಾಕ್ ಬಯಲಿನ ಕಥೆ ನಿಮ್ಮಪ್ಪನಿಗೆ ಬಹಳ ಹಿಡಿಸಿತು. 1971ರಲ್ಲಿ ಸರ್ಕಾರ ಅಲ್ಲಿನ ಸೇನೆಯ ಕ್ಯಾಂಪು ದೊಡ್ಡದು ಮಾಡುತ್ತೇವೆ, ಜಮೀನು ಕೊಡಿ ಅಂತು. ಕುರಿ ಸಾಕುವ 103 ರೈತರು ಕೊಡಲ್ಲ ಅಂತ ಮಾತು ಕೊಟ್ಟುಕೊಂಡರು. ಅವರ ಜೊತೆ ಹದಿನೈದು ದಿನ ಉಪವಾಸ ಕೂತವರು ಲಾಂಜಾ ದೆಲ್ ವಾಸ್ತೋ. ವಾರ್ಧಾಕ್ಕೆ ಬಂದು ಗಾಂಧೀಜಿ ಜೊತೆ ಇದ್ದವರು. ಶಾಂತಿದಾಸ ಅಂತ ಹೆಸರಿಟ್ಟಿದ್ದೂ ಗಾಂಧೀಜಿಯೇ. ರೈತರು ಕುರಿಗಳನ್ನು ಪ್ಯಾರಿಸಿಗೆ ಒಯ್ದು ಐಫೆಲ್ ಗೋಪುರದ ಕೆಳಗೆ ಮೇಯಿಸಿದರಂತೆ! ಹತ್ತು ವರ್ಷ ಪಟ್ಟು ಬಿಡಲಿಲ್ಲ. 1981ರಲ್ಲಿ ಮಿತೆರಾಂ ಅಧ್ಯಕ್ಷರಾದ ಮೇಲೆ ಆ ಯೋಜನೆ ರದ್ದಾಯ್ತು. 1999ರಲ್ಲಿ ಅಮೆರಿಕ ಈ ಚೀಸಿನ ಮೇಲೆ ನೂರಕ್ಕೆ ನೂರು ಸುಂಕ ಹಾಕಿದಾಗಲೂ ಇಲ್ಲಿಯವರು ಸುಮ್ನೆ ಕೂರಲಿಲ್ಲ. ರೈತ ನಾಯಕ ಜೋಸೆ ಬೊವೆ ಮತ್ತು ಜೊತೆಗಾರರು ಹತ್ತಿರದ ಮಿಯೋದಲ್ಲಿ ಇನ್ನೂ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಅಂಗಡಿಯನ್ನೇ ಬಿಚ್ಚಿ ಹಾಕಿದರು. ಅದು ಸರಿಯೋ ತಪ್ಪೋ ಅಂತ ನಿಮ್ಮಪ್ಪ, ನಿನ್ನ ಗೆಳತಿ ವಾಪಸು ಬರುವವರೆಗೂ ವಾದ ಮಾಡಿದರು. ನಾನು ನಿದ್ದೆ ಮಾಡಿದೆ.

ಹಾಂ, ವಾಸನೆ. ಕುರಿದೊಡ್ಡಿ, ಹಳೇ ಮಜ್ಜಿಗೆ, ಮಳೆಗಾಲದ ಅಟ್ಟ ಮೂರೂ ಸೇರಿದ ಹಾಗೆ. ತಿನ್ನಲೂ ಮನಸ್ಸಾಗಿತ್ತು. ಹಾಲಿಗೆ ಹೆಪ್ಪು ಯಾವುದು ಅಂತ ಕೇಳಿಬಿಟ್ಟೆ. ಎಳೇ ಮರಿಯ ಹೊಟ್ಟೆಯಿಂದ ತೆಗೆದದ್ದು ಅಂದಳು ನಿನ್ನ ಗೆಳತಿ. ಎತ್ತಿದ್ದ ತುಂಡು ಹಾಗೇ ತಟ್ಟೆಗೆ ಇಟ್ಟೆ. ನಿಮ್ಮಪ್ಪ ಏನೂ ಕೇಳಿಸಿಕೊಳ್ಳದವರ ಹಾಗೆ ನನ್ನ ಪಾಲನ್ನೂ ತಿಂದರು.

ಊರಿಗೂ ಒಂದು ತುಂಡು ತಂದಿದ್ದರು. ಮೂರು ಕವರ್ ಸುತ್ತಿದರೂ ಫ್ರಿಜ್ ತೆಗೆದರೆ ಅದೇ ಘಾಟು. ಮೊಸರಿನ ಪಕ್ಕ ಇಡಬೇಡಿ ಅಂತ ದಿನಾ ಜಗಳ. ಮೊನ್ನೆ ಅದು ಮುಗೀತು. ನೀನು ಡಿಸೆಂಬರಿನಲ್ಲಿ ಬರುವಾಗ ಇನ್ನೊಂದು ತರಬೇಕಂತೆ. ಮುಚ್ಚಳ ಬಿಗಿಯಾಗಿರೋ ಡಬ್ಬಿಯಲ್ಲಿ ಹಾಕ್ಕೊಂಡು ಬಾ.

ನಿನ್ನ
ಅಮ್ಮ