ಶಾಲೆಯ ಹೊಲದ ಕೆಲಸ ಕುರಿತು ಪೋಷಕರಿಗೆ

ಮೋಶಿ, ಟಾಂಜಾನಿಯಾ
ಫೆಬ್ರವರಿ 1968

ಮಾನ್ಯ ಪೋಷಕರೇ,

ಕಳೆದ ವಾರ ತಮ್ಮಲ್ಲಿ ಹಲವರು ಸಹಿ ಹಾಕಿ ಕಳುಹಿಸಿದ ಪತ್ರವನ್ನು ಶಿಕ್ಷಕರೆಲ್ಲರೂ ಕೂಡಿ ಓದಿದ್ದೇವೆ. ಗುದ್ದಲಿ ಹಿಡಿಯುವುದನ್ನು ಮಕ್ಕಳು ಮನೆಯಲ್ಲೇ ಕಲಿಯುತ್ತಾರೆ, ಅದಕ್ಕೆ ಶಾಲೆಯೇಕೆ ಎಂಬುದು ತಮ್ಮ ಪ್ರಶ್ನೆ. ಕಾಫಿ ಮಾರಿದ ಹಣದಲ್ಲಿ ಫೀಸು, ಸಮವಸ್ತ್ರ ಹೊಂದಿಸಿ ಮಗುವನ್ನು ಓದಿಸುತ್ತಿರುವ ತಂದೆತಾಯಿಗಳಿಗೆ ಹಾಗೆನಿಸುವುದು ಸಹಜವೇ.

ಆದರೂ ಹೊಲದ ಕೆಲಸವನ್ನು ನಿಲ್ಲಿಸಲಾಗದು. ದೇಶಕ್ಕೆ ಸಮಾಜವಾದ ಮತ್ತು ಸ್ವಾವಲಂಬನೆಯ ಹಾದಿ ತೋರಿದ ಅರೂಷಾ ಘೋಷಣೆಯ ಮರುತಿಂಗಳೇ, 1967ರ ಮಾರ್ಚ್‌ನಲ್ಲಿ, ಶಾಲೆಗಳು ಹೊಲವನ್ನೂ ಮಾಡಬೇಕೆನ್ನುವ 'ಸ್ವಾವಲಂಬನೆಗಾಗಿ ಶಿಕ್ಷಣ' ಎಂಬ ನೀತಿಯನ್ನು ಅಧ್ಯಕ್ಷ ನ್ಯೆರೆರೆಯವರು ದೇಶದ ಮುಂದಿಟ್ಟರು. ಪ್ರಾಥಮಿಕ ಶಾಲೆ ಮುಗಿಸುವ 100 ಮಕ್ಕಳಲ್ಲಿ ಸುಮಾರು 13 ಮಂದಿಗಷ್ಟೇ ಪ್ರೌಢಶಾಲೆಯಲ್ಲಿ ಜಾಗ ಸಿಗುತ್ತದೆಂದು, ಸ್ವತಃ ಮೇಷ್ಟರಾಗಿದ್ದ ಅವರು ಅದರಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆ 13 ಮಂದಿಯನ್ನು ಆರಿಸುವುದಕ್ಕಾಗಿಯೇ ಇಷ್ಟು ಕಾಲ ಎಲ್ಲರಿಗೂ ಪಾಠ ನಡೆಯಿತು. ಉಳಿದವರು ಏಳು ವರ್ಷ ಓದಿಯೂ ತಾವು ಸೋತವರೆಂಬ ಭಾವನೆ ಹೊತ್ತು ಊರಿಗೆ ಮರಳಿದರು. ಪ್ರಾಥಮಿಕ ಶಿಕ್ಷಣ ತನ್ನಷ್ಟಕ್ಕೆ ತಾನೇ ಪೂರ್ಣವಾಗಿರಬೇಕು ಎಂಬ ಮಾತು ಹುಟ್ಟಿದ್ದು ಈ ಸಂಕಟದಿಂದ.

ಮಕ್ಕಳನ್ನು ಕೂಲಿಯಾಳುಗಳಂತೆ ದುಡಿಸಲಾಗುತ್ತಿದೆ ಎಂಬ ಮಾತು ತಮ್ಮ ಪತ್ರದಲ್ಲಿದೆ. ದಯವಿಟ್ಟು ಒಮ್ಮೆ ಬಂದು ನೋಡಿ. ಮೆಕ್ಕೆಜೋಳದ ಪಾತಿಯ ಅರ್ಧ ಭಾಗಕ್ಕೆ ಕೊಟ್ಟಿಗೆ ಗೊಬ್ಬರ ಹಾಕಿ, ಇನ್ನರ್ಧವನ್ನು ಹಾಗೇ ಬಿಟ್ಟು, ಎರಡೂ ಕಡೆಯ ಪೈರಿನ ಎತ್ತರವನ್ನು ಆರನೇ ತರಗತಿಯವರು ದಾರದಿಂದ ಅಳೆದು ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಾರೆ. ಯಾವ ಬೆಳೆ ಹಾಕಬೇಕೆಂಬುದನ್ನು ಮಕ್ಕಳೇ ಸಭೆ ಸೇರಿ ತೀರ್ಮಾನಿಸುತ್ತಾರೆ, ಶಿಕ್ಷಕರೂ ಅವರೊಡನೆ ಮಣ್ಣಿಗಿಳಿಯುತ್ತಾರೆ. ಮನೆಯಲ್ಲಿ ಮಗು ದೊಡ್ಡವರು ಹೇಳಿದ ಕೆಲಸ ಮಾಡುತ್ತದೆ. ಇಲ್ಲಿ ಅದು ಏಕೆ ಹೀಗೆ ಎಂದು ಕೇಳುತ್ತದೆ, ಕೇಳಲೇಬೇಕು. ತಡವಾಗಿ ಬಂದ ಮಗುವನ್ನು ಶಿಕ್ಷೆಯೆಂದು ಹೊಲಕ್ಕೆ ಅಟ್ಟುವುದನ್ನು ಈ ಶಾಲೆಯಲ್ಲಿ ಯಾವ ಶಿಕ್ಷಕರೂ ಮಾಡಕೂಡದು, ಏಕೆಂದರೆ ದುಡಿಮೆ ಶಿಕ್ಷೆಯಾದ ದಿನವೇ ಮಕ್ಕಳ ಕಣ್ಣಿಗೆ ತಮ್ಮ ತಂದೆತಾಯಿಯ ಬದುಕು ಕೀಳಾಗಿ ಕಾಣತೊಡಗುತ್ತದೆ.

ಬೆಳೆದದ್ದು ಶಿಕ್ಷಕರ ಮನೆ ಸೇರುವುದಿಲ್ಲ. ಮೆಕ್ಕೆಜೋಳ ಮಕ್ಕಳ ಮಧ್ಯಾಹ್ನದ ಗಂಜಿಗೆ, ಅವರೆಕಾಳು ಮಾರಿ ಬಂದ ಹಣ ಶಾಲೆಯ ಚಾವಣಿ ರಿಪೇರಿಗೆ. ಏಳನೇ ತರಗತಿಯವರು ಬರೆಯುವ ಜಮಾಖರ್ಚಿನ ಪುಸ್ತಕವನ್ನು ತಾವು ಯಾವಾಗ ಬೇಕಾದರೂ ನೋಡಬಹುದು.

ಹಾಗೆಂದು ಓದನ್ನು ಬದಿಗೊತ್ತಿಲ್ಲ. ಗಣಿತ, ಸ್ವಾಹಿಲಿ, ಇಂಗ್ಲಿಷ್ ಯಾವುದರ ಅವಧಿಯನ್ನೂ ಹೊಲಕ್ಕಾಗಿ ಕಡಿತಗೊಳಿಸಿಲ್ಲ, ಪ್ರೌಢಶಾಲೆಯ ಪ್ರವೇಶ ಪರೀಕ್ಷೆಗೆ ಏಳನೇ ತರಗತಿಯನ್ನು ಎಂದಿನ ಶ್ರದ್ಧೆಯಿಂದಲೇ ಸಿದ್ಧಪಡಿಸುತ್ತೇವೆ. ತಮ್ಮ ಮಗುವಿಗೆ ಅಲ್ಲಿ ಜಾಗ ಸಿಕ್ಕರೆ ನಮಗಿಂತ ಸಂತೋಷಪಡುವವರು ಬೇರೆ ಇರಲಾರರು. ಆದರೆ ಜಾಗ ಕೊಡಿಸುತ್ತೇನೆಂದು ನಾನು ಮಾತು ಕೊಡಲಾರೆ. ಜಾಗ ಸಿಗದ ಮಗುವೂ ಈ ಶಾಲೆಯಿಂದ ತಲೆಯೆತ್ತಿ ಹೊರಡುವಂತೆ ನೋಡಿಕೊಳ್ಳುವುದು ನನ್ನ ಹೊಣೆ, ಅದರಲ್ಲಿ ನಾನು ರಾಜಿಯಾಗುವುದಿಲ್ಲ.

ಮಾರ್ಚ್‌ನಲ್ಲಿ ದೊಡ್ಡ ಮಳೆ ಹಿಡಿಯುವ ಮೊದಲು ನೆಲ ಹದವಾಗಬೇಕಿರುವುದರಿಂದ, ಮಂಗಳವಾರ ಮತ್ತು ಗುರುವಾರ ಮಕ್ಕಳ ಕೈಯಲ್ಲಿ ಒಂದೊಂದು ಗುದ್ದಲಿ ಕೊಟ್ಟು ಕಳುಹಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯ