ಹೊಟ್ಟೆಯಲ್ಲೇ ಮರಿ ಮಾಡುತ್ತಿದ್ದ ಕಪ್ಪೆ

ಮಾನ್ಯ ಸಂಪಾದಕರೇ,

ಅಳಿದ ಪ್ರಾಣಿಗಳೆಂದರೆ ಡೈನೊಸಾರ್, ಮ್ಯಾಮತ್‌ಗಳಷ್ಟೇ ಎಂಬಂತೆ ಪತ್ರಿಕೆಗಳ ಮಕ್ಕಳ ಪುಟಗಳು ಬರೆಯುತ್ತವೆ. ಆದರೆ ಇತ್ತೀಚೆಗೆ ಅಳಿದ ಸಣ್ಣ ಜೀವಿಗಳೂ ಇವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನ ತೊರೆಗಳಲ್ಲಿದ್ದ, 1973ರಲ್ಲಷ್ಟೇ ವಿಜ್ಞಾನಿಗಳು ಹೆಸರಿಟ್ಟ ಕಪ್ಪೆಯೊಂದರ ಹೆಣ್ಣು, ತನ್ನ ಮೊಟ್ಟೆಗಳನ್ನು ನುಂಗಿ, ವಾರಗಟ್ಟಲೆ ಏನನ್ನೂ ತಿನ್ನದೆ, ಜಠರವನ್ನೇ ಗರ್ಭಕೋಶ ಮಾಡಿಕೊಳ್ಳುತ್ತಿತ್ತು. ಮೊಟ್ಟೆಯ ಲೋಳೆಯಲ್ಲಿದ್ದ, ಗೊದಮೊಟ್ಟೆಗಳೂ ಸ್ರವಿಸುತ್ತಿದ್ದ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕವು ಆಹಾರ ಅರಗಿಸುವ ಜಠರದ ಆಮ್ಲದ ಉತ್ಪತ್ತಿಯನ್ನೇ ತಡೆಯುತ್ತಿದ್ದುದರಿಂದ ಮರಿಗಳು ಅರಗಿಹೋಗದೆ ಬೆಳೆದು, ಕೊನೆಗೆ ತಾಯಿಯ ಬಾಯಿಂದಲೇ ಹೊರಗೆ ಜಿಗಿಯುತ್ತಿದ್ದವು (ಹೊಟ್ಟೆಹುಣ್ಣಿನ ಚಿಕಿತ್ಸೆಗೆ ಇದರಿಂದ ಸುಳಿವು ಸಿಗಬಹುದೆಂಬ ನಿರೀಕ್ಷೆಯೂ ಇತ್ತು). 1981ರ ನಂತರ ಕಾಡಿನಲ್ಲಿ ಅದು ಯಾರಿಗೂ ಕಂಡಿಲ್ಲ. ಹೆಸರಿಟ್ಟ ಹತ್ತು ವರ್ಷದೊಳಗೇ ಮರೆಯಾದ ಇಂತಹ ಸಣ್ಣ ಜೀವಿಗಳ ಕುರಿತೂ ತಾವು ಸಚಿತ್ರ ಲೇಖನಗಳನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

– ವಿಜ್ಞಾನ ಶಿಕ್ಷಕಿ, ಸಾಗರ